ಇಪ್ಪತ್ತೆರಡು ಸೀಟಿನ ಬಸ್ಸು

ಹನ್ನೊಂದು ವರ್ಷ ಒಂದು ಭಾನುವಾರವೂ ತಪ್ಪದೆ ಇಪ್ಪತ್ತನಾಲ್ಕು ಡಬ್ಬಿ ಊಟ ಕಟ್ಟಿ ಕೋಟೆಗೆ ಕಳಿಸಿದ ಹೆಂಗಸು ಆ ಕೋಟೆಯ ಒಂದು ಕಲ್ಲನ್ನೂ ಕಣ್ಣಾರೆ ಕಂಡಿರಲಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬಲೇಬೇಕು. ಕಂಡಿರಲಿಲ್ಲ.

ಗಂಡನದು ಇಪ್ಪತ್ತೆರಡು ಸೀಟಿನ ಮಿನಿ ಬಸ್ಸು. ವಾರವೆಲ್ಲ ಅದು ಯಾವುದೋ ಕಾರ್ಖಾನೆಯ ಕೆಲಸಗಾರರನ್ನು ಹೊತ್ತು ತಿರುಗುತ್ತಿತ್ತು. ಭಾನುವಾರ ಮಾತ್ರ ಮಹಾನಗರದ ಜನರನ್ನು ಹತ್ತಿಸಿಕೊಂಡು ಹಳೆಯ ಜಾಗಗಳನ್ನು ತೋರಿಸಲು ಹೊರಡುತ್ತಿತ್ತು. ಬೆಳಗ್ಗೆ ಆರಕ್ಕೆ ಬಿಟ್ಟರೆ ಮೊದಲು ಸೇನಾಪತಿಯ ಗೋರಿ, ಆಮೇಲೆ ಪಾಳುಬಿದ್ದ ಅರಮನೆ, ಮಧ್ಯಾಹ್ನ ಕೋಟೆಯ ಬುಡದಲ್ಲಿ ಊಟ, ಊಟವಾದ ಮೇಲೆ ಕೋಟೆ, ಸಂಜೆ ಆರಕ್ಕೆ ವಾಪಸು. ಬಸ್ಸು ಓಡಿಸುವವನು ಗಂಡ. ಬಾಗಿಲ ಪಕ್ಕದ ಮಡಚುವ ಸೀಟಿನಲ್ಲಿ ಕೂತು ಇತಿಹಾಸ ಹೇಳುವವರು ಮಾವ. ನಲವತ್ತು ವರ್ಷದ ಗೈಡು, ಮೈಕಿಲ್ಲದೆ ಹಿಂದಿನ ಸೀಟಿಗೆ ಕೇಳುವ ಗಂಟಲು. ಮಿಕ್ಕಿದ್ದೆಲ್ಲ ಇವಳದು. ಫೋನಿನಲ್ಲಿ ಸೀಟು ಬರೆದುಕೊಳ್ಳುವುದು ಇವಳು, ನಸುಕಿನಲ್ಲಿ ಎದ್ದು ಬೇಯಿಸುವುದು ಇವಳು, ಸಂಜೆ ಬಂದ ಎಂಜಲು ಡಬ್ಬಿ ತಿಕ್ಕುವುದೂ ಇವಳೇ. ಪ್ರಯಾಣಿಕರದ್ದು ಇಪ್ಪತ್ತೆರಡು, ಗಂಡನಿಗೊಂದು, ಮಾವನಿಗೊಂದು, ಒಟ್ಟು ಇಪ್ಪತ್ತನಾಲ್ಕು. ಬೀದಿಯಲ್ಲಿ ಅವಳಿಗೆ ಡಬ್ಬಿಯಮ್ಮ ಎಂದೇ ಹೆಸರು. ನಿಜವಾದ ಹೆಸರು ಹಿಡಿದು ಕೂಗಿದರೆ ಅವಳೇ ಒಂದು ಗಳಿಗೆ ತಿರುಗಿ ನೋಡುತ್ತಿರಲಿಲ್ಲವೇನೋ.

ಹಾಗಂತ ಕೋಟೆ ಅವಳಿಗೆ ಗೊತ್ತಿಲ್ಲ ಎನ್ನುವ ಹಾಗಿರಲಿಲ್ಲ. ಶನಿವಾರ ಸಂಜೆ ಮಾವ ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಮರುದಿನದ ಮಾತನ್ನು ಒಮ್ಮೆ ಒಪ್ಪಿಸಿಕೊಳ್ಳುತ್ತಿದ್ದರು. ಇವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಕೇಳಿ ಕೇಳಿ ಬಾಯಿಪಾಠವಾಗಿತ್ತು. ನಾನೂರ ಹನ್ನೆರಡು ಮೆಟ್ಟಿಲು. ಎಂಟು ತಿಂಗಳ ಮುತ್ತಿಗೆ. ಬೇಸಿಗೆಯಲ್ಲೂ ಬತ್ತದ ಕೊಳ. ಗಂಡ ಯುದ್ಧಕ್ಕೆ ಹೋದಾಗ ರಾಣಿ ನಿಂತು ದಾರಿ ನೋಡಿದ ಕಿಟಕಿ. ವಯಸ್ಸಾದಂತೆ ಮಾವನಿಗೆ ಇಸವಿ ತಪ್ಪುತ್ತಿತ್ತು. ಒಳಗಿನಿಂದ ಇವಳು ಸರಿಯಾದ ಇಸವಿ ಹೇಳಿಕೊಡುತ್ತಿದ್ದಳು. "ಹಾಂ, ಅದೇ," ಎಂದು ಮಾವ ಮುಂದುವರಿಸುತ್ತಿದ್ದರು, ತಾವೇ ನೆನಪು ಮಾಡಿಕೊಂಡವರ ಹಾಗೆ.

ತಕರಾರು ಶುರುವಾದದ್ದು ಒಂದು ಸಣ್ಣ ಸುಳ್ಳಿನಿಂದ. ಸೀಟು ಕೇಳಲು ಫೋನು ಮಾಡಿದ ಒಬ್ಬ ಹೆಂಗಸು, "ಮೆಟ್ಟಿಲು ತುಂಬಾ ಕಡಿದಾ? ನನಗೆ ಮಂಡಿನೋವು. ನೀವು ಹತ್ತಿದೀರಲ್ಲ, ನಿಮಗೆ ಹೇಗಾಯ್ತು?" ಎಂದು ಕೇಳಿದಳು. ಇವಳು ತಡವರಿಸಲಿಲ್ಲ. "ಅಯ್ಯೋ, ಎಷ್ಟೋ ಸಲ ಹತ್ತಿದೀನಿ ಬನ್ನಿ, ಏನೂ ಆಗಲ್ಲ," ಎಂದುಬಿಟ್ಟಳು. ಫೋನಿಟ್ಟ ಮೇಲೆ ಮುಖಕ್ಕೆ ಯಾರೋ ಹೊಡೆದಂತಾಯಿತು. ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿಯೇ ಬಿಟ್ಟಳು.

"ರೀ, ಬರೋ ಭಾನುವಾರ ನನಗೊಂದು ಸೀಟಿಡಿ. ನಾನೂ ಬರ್ತೀನಿ."

ಗಂಡ ತುತ್ತು ಬಾಯಿಗಿಟ್ಟುಕೊಂಡೇ, "ಎಲ್ಲಿಗೆ?" ಎಂದ.

"ಎಲ್ಲಿಗೆ ಅಂದ್ರೆ? ಕೋಟೆಗೆ."

"ಕೋಟೇಲಿ ಏನಿದೆ ನಿನಗೆ?"

ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯುವ ಮಗಳು, ಇಪ್ಪತ್ತರ ಹುಡುಗಿ, ನಾಲಿಗೆ ಮಾತ್ರ ನಲವತ್ತರದ್ದು, ತಟ್ಟೆಯಿಂದ ತಲೆಯೆತ್ತಿದಳು. "ಊರವರಿಗೆಲ್ಲ ಏನಿದೆಯೋ ಅದೇ ಇದೆ ಅಪ್ಪ. ಅವರನ್ನ ಕೇಳ್ತೀಯಾ ನೀನು, ಏನಿದೆ ಅಂತ?"

"ನೀನು ಸುಮ್ಮನಿರು. ದೊಡ್ಡವರು ಮಾತಾಡ್ತಿದೀವಿ."

ಮಾವ ಗಂಟಲು ಸರಿಮಾಡಿಕೊಂಡರು. "ನಿಮ್ಮತ್ತೆ ಮೂವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದ್ಲು. ಒಂದು ದಿನ ಕೋಟೆ ತೋರಿಸಿ ಅಂತ ಕೇಳಲಿಲ್ಲ, ಪುಣ್ಯಾತ್ಗಿತ್ತಿ."

"ಕೇಳಿದ್ರೆ ಕರ್ಕೊಂಡು ಹೋಗ್ತಿದ್ರಾ ಮಾವ?"

ಮಾವ ನೀರಿನ ಲೋಟ ಎತ್ತಿಕೊಂಡು ನಿಧಾನವಾಗಿ ಕುಡಿದರು. ಗಂಡನೇ ಕೊನೆಗೆ, "ಆಯ್ತು ಮಾರಾಯ್ತಿ, ಸೀಟು ಖಾಲಿ ಉಳಿದ್ರೆ ಬಾ. ಯಾರು ಬೇಡ ಅಂದ್ರು?" ಎಂದು ಕೈತೊಳೆಯಲು ಎದ್ದ.

ಆ ವಾರ ಸೀಟು ಖಾಲಿ ಉಳಿಯಿತು. ಶನಿವಾರ ಸಂಜೆ ಒಂದು ಜೋಡಿ ಫೋನು ಮಾಡಿ ಬರುವುದಿಲ್ಲ ಎಂದಿತು. ಅವಳು ಮೂರೂವರೆಗೇ ಎದ್ದು ಮೊಟ್ಟೆ ಬೇಯಿಸಿ, ಆಲೂಗಡ್ಡೆ ಹುರಿದು, ಬ್ರೆಡ್ಡು ಹಣ್ಣು ಜೋಡಿಸಿ ಡಬ್ಬಿ ಮುಚ್ಚಿ, ಸ್ನಾನ ಮಾಡಿ, ಪೆಟ್ಟಿಗೆಯಲ್ಲಿದ್ದ ಒಳ್ಳೆ ಬಟ್ಟೆ ಉಟ್ಟು ನಿಂತಳು. ಗಂಡ ಬುಟ್ಟಿ ಬಸ್ಸಿಗೇರಿಸಿ, "ಸ್ಟ್ಯಾಂಡಲ್ಲಿ ಯಾರಾದ್ರೂ ಸಿಗ್ತಾರೇನೋ ನೋಡ್ತೀನಿ. ಸಿಗದಿದ್ರೆ ಬಂದು ಕರ್ಕೊಂಡು ಹೋಗ್ತೀನಿ, ತಯಾರಾಗಿರು," ಎಂದು ಹೋದ. ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕೂತಳು. ಆರೂಕಾಲಿಗೆ ಫೋನು ಬಂತು. "ಇಬ್ಬರು ಸಿಕ್ಕಿದ್ರು, ಹೊರಟ್ವಿ. ಬರೋ ವಾರ ನೋಡೋಣ." ಬಟ್ಟೆ ಬಿಚ್ಚಿ ಮತ್ತೆ ಮಡಚಿಡುವಾಗ ಅವಳಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಮಗಳು ನೋಡಿದಳಲ್ಲ ಎಂದು ನಾಚಿಕೆ.

ಮುಂದಿನ ವಾರ ಮಳೆ. ಏಳು ಸೀಟು ಖಾಲಿ. ಈ ಸಲ ತಪ್ಪುವ ಪ್ರಶ್ನೆಯೇ ಇಲ್ಲ ಎಂದುಕೊಂಡಳು.

"ಮಳೇಲಿ ಏನು ನೋಡ್ತೀಯ? ಮೆಟ್ಟಿಲು ಜಾರುತ್ತೆ. ಬಿದ್ದು ಕಾಲು ಮುರ್ಕೊಂಡ್ರೆ ಮನೆ ಕೆಲಸ ಯಾರು ಮಾಡ್ತಾರೆ?" ಎಂದ ಗಂಡ.

"ಹದಿನೈದು ಜನ ಹತ್ತಲ್ವಾ? ಅವರ ಕಾಲೇನು ಕಬ್ಬಿಣದ್ದಾ?"

"ಅವರು ಗಿರಾಕಿಗಳು ಕಣೇ. ಅವರಿಷ್ಟ."

ಹದಿನೈದು ಜನವೂ ಹತ್ತಿ ಇಳಿದು ಕ್ಷೇಮವಾಗಿ ಬಂದರು. ಒಬ್ಬನಾದರೂ ಜಾರಿ ಬಿದ್ದಿದ್ದರೆ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಪಾಪ, ಹಾಗೆ ಅನ್ನಿಸಿದ್ದು ಸುಳ್ಳಲ್ಲ. ಮೂರನೆಯ ವಾರ ಒಂದು ಶಾಲೆಯ ಮೇಷ್ಟರುಗಳು ಇಡೀ ಬಸ್ಸನ್ನೇ ಗೊತ್ತುಮಾಡಿಕೊಂಡರು. ಅಲ್ಲಿಗೆ ಮಾತೇ ಮುಗಿಯಿತು.

ಆ ಸೋಮವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ಮಗಳು ಕಿಡಿ ಹಚ್ಚಿದಳು. "ಅಮ್ಮ, ನೀನ್ಯಾಕೆ ಇವರ ಮುಂದೆ ಕೈಯೊಡ್ಡಿ ನಿಂತಿದೀಯ? ಮೂಲೆ ಅಂಗಡಿ ಹತ್ರ ಹಳದಿ ಬಸ್ಸು ನಿಲ್ಲುತ್ತಲ್ಲ, ಅದೂ ಕೋಟೆಗೇ ಹೋಗುತ್ತೆ. ನಾನು ಟಿಕೆಟ್ ತೆಗೆಸಿಕೊಡ್ತೀನಿ. ರಾಣಿ ಥರ ಕಿಟಕಿ ಪಕ್ಕ ಕೂತು ಹೋಗಿ ಬಾ."

ಗಂಡ ತಟ್ಟೆ ತಳ್ಳಿದ. "ಏನಂದೆ? ನನ್ನ ಹೆಂಡ್ತಿ ಆ ಹಳದಿ ಬಸ್ಸಿನವನ ಗಿರಾಕಿನಾ? ನಾಳೆ ಸ್ಟ್ಯಾಂಡಲ್ಲಿ ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

"ಹಾಗಾದ್ರೆ ನಿನ್ನ ಬಸ್ಸಲ್ಲಿ ಕರ್ಕೊಂಡು ಹೋಗು."

"ಹೋಗ್ತೀನಿ ಅಂದಿಲ್ವಾ?"

"ಅಂದಿದೀಯ. ಅನ್ನೋದು ಬಿಟ್ಟು ಇನ್ನೇನು ಮಾಡಿದೀಯ?"

"ನೋಡಿದ್ರಾ ಅಪ್ಪ, ಇವಳ ಬಾಯಿ!" ಎಂದು ಗಂಡ ಮಾವನ ಕಡೆ ತಿರುಗಿದ. ಮಾವ, "ನಾನು ಹೇಳಿದ್ನಲ್ಲ, ಮೊದಲೇ ಆಸೆ ಹುಟ್ಟಿಸಬಾರದಿತ್ತು," ಎಂದರು. ಅವರು ಅಂಥದ್ದೇನೂ ಹೇಳಿರಲಿಲ್ಲ. ಆದರೆ ಹಳದಿ ಬಸ್ಸಿನ ಮಾತು ಗಂಡನಿಗೆ ಸರಿಯಾಗಿ ಚುಚ್ಚಿತ್ತು. ಎರಡು ದಿನ ಮುಖ ಊದಿಸಿಕೊಂಡಿದ್ದು, ಗುರುವಾರ ಹೊರಡುವಾಗ, "ಈ ಭಾನುವಾರ ಬಾ. ಸೀಟು ತುಂಬಿದ್ರೂ ಹಿಂದೆ ಎಲ್ಲಾದ್ರೂ ಒತ್ತಿಕೊಂಡು ಕೂತ್ಕೋ," ಎಂದು ಹೇಳಿ, ಉತ್ತರಕ್ಕೂ ಕಾಯದೆ ಹೋದ.

ಸೀಟು ತುಂಬಿಯೇ ಇತ್ತು. ಇಪ್ಪತ್ತೆರಡಕ್ಕೆ ಇಪ್ಪತ್ತೆರಡು. ಸೀಟು ಕೇಳಿ ಮನೆಗೆ ಬರುವ ಫೋನು ನೋಡಿಕೊಳ್ಳಲು ಮಗಳು ಉಳಿದಳು. ಇವಳು ಹಿಂದಿನ ಉದ್ದ ಸೀಟಿನಲ್ಲಿ ಇಬ್ಬರು ನರ್ಸುಗಳ ನಡುವೆ ಒತ್ತಿಕೊಂಡು ಕೂತಳು. ಅಕ್ಕತಂಗಿಯರ ಹಾಗೆ ನಗುನಗುತ್ತಿದ್ದ ಒಳ್ಳೆಯ ಹೆಂಗಸರು. "ಡ್ರೈವರ್ ಹೆಂಡ್ತೀನಾ ನೀವು? ಹಾಗಾದ್ರೆ ಓನರಮ್ಮ ಅನ್ನಿ! ನಿಮಗೆ ಮುಂದೆ ಸೀಟಿಲ್ವಾ?" ಎಂದು ತಮಾಷೆ ಮಾಡಿ ಜಾಗ ಮಾಡಿಕೊಟ್ಟರು. ಗೋರಿಯ ಬಳಿ ಮಾವ ಇಸವಿ ತಪ್ಪಿದರು. ಇವಳು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಪಾಳು ಅರಮನೆಯಲ್ಲಿ ಕಂಬಗಳನ್ನು ಒಂದೊಂದಾಗಿ ಮುಟ್ಟಿಕೊಂಡು ನಡೆದಳು. ಎಷ್ಟು ವರ್ಷವಾಗಿತ್ತೋ ಅವಳು ಅಷ್ಟು ಸಂತೋಷವಾಗಿದ್ದು! ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಕೋಟೆಯ ಬುಡದಲ್ಲಿ ಮರದ ನೆರಳಿಗೆ ಬಸ್ಸು ನಿಂತಿತು. ಅವಳೇ ಬುಟ್ಟಿ ಇಳಿಸಿ ಡಬ್ಬಿ ಹಂಚಿದಳು. ಹಂಚಿ ಹಂಚಿ ಕೊನೆಗೆ ಗಂಡನಿಗೊಂದು, ಮಾವನಿಗೊಂದು ಕೊಟ್ಟು ಬುಟ್ಟಿಗೆ ಕೈ ಹಾಕಿದರೆ ಬುಟ್ಟಿ ಬರಿದು. ಕೈ ರೂಢಿಯಂತೆ ಇಪ್ಪತ್ತನಾಲ್ಕು ಕಟ್ಟಿತ್ತು. ತನ್ನದು ಕಟ್ಟಿರಲಿಲ್ಲ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಅವಳೇ ನಕ್ಕಳು.

"ನೀನೊಬ್ಬಳು," ಎಂದ ಗಂಡ, ತನ್ನ ಡಬ್ಬಿ ತೆರೆಯುತ್ತ. "ಇಷ್ಟು ವರ್ಷದ ಅನುಭವ, ಒಂದು ಲೆಕ್ಕ ಬರಲ್ಲ."

ಮಾವ ಅರ್ಧ ಬ್ರೆಡ್ಡು ಮುರಿದು ಕೊಟ್ಟರು. ನರ್ಸೊಬ್ಬಳು ತನ್ನ ಮೊಟ್ಟೆ ಕೊಡಲು ಬಂದಳು. ಇವಳು ಗಿರಾಕಿಯ ಊಟ ತಿನ್ನುವುದುಂಟೇ ಎಂದು ಸಂಕೋಚಪಟ್ಟು ಬೇಡವೆಂದಳು. ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಕಣ್ಣೆಲ್ಲ ಮೆಟ್ಟಿಲ ಮೇಲೆ. ಕೆಳಗಿನಿಂದ ನೋಡಿದರೆ ಅವು ಹತ್ತುತ್ತ ಹತ್ತುತ್ತ ಬಂಡೆಯ ಹಿಂದೆ ತಿರುಗಿ ಮಾಯವಾಗುತ್ತಿದ್ದವು.

ಮಾವನಿಗೆ ಈಗ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಕೋಟೆಯ ಬಾಗಿಲಲ್ಲೇ ನಿಂತು ಮೇಲಿರುವುದನ್ನೆಲ್ಲ ವರ್ಣಿಸಿ, "ಹೋಗಿ ನೋಡಿ ಬನ್ನಿ, ಮೂರೂವರೆಗೆ ಸರಿಯಾಗಿ ಬಸ್ಸು ಬಿಡ್ತೀವಿ," ಎಂದು ಜನರನ್ನು ಮೇಲೆ ಕಳಿಸಿ, ಟಿಕೆಟ್ ಕೊಡುವವನ ಬೆಂಚಿನಲ್ಲಿ ಹರಟೆಗೆ ಕೂರುತ್ತಿದ್ದರು. ಜನ ಹತ್ತತೊಡಗಿದರು. ನರ್ಸುಗಳು, "ಬನ್ನಿ ಓನರಮ್ಮ!" ಎಂದು ಕೈಬೀಸಿ ಕರೆದರು. ಅವಳು ಸೆರಗು ಸಿಕ್ಕಿಸಿಕೊಂಡು ಹೊರಟಳು.

"ಎಲ್ಲಿಗೆ ಹೊರಟೆ? ಡಬ್ಬಿ?" ಎಂದ ಗಂಡ.

"ಮನೆಗೆ ಹೋಗಿ ತೊಳೀತೀನಿ. ಯಾವಾಗ್ಲೂ ಮಾಡೋದು ಅದೇ ಅಲ್ವಾ?"

"ಯಾವಾಗ್ಲೂ ನೀನಿಲ್ಲಿರಲ್ಲ. ಈಗ ಇದೀಯಲ್ಲ. ನಾಳೆ ಬೆಳಗ್ಗೆ ಕಾರ್ಖಾನೆ ಸಾಹೇಬರು ಬಸ್ಸು ನೋಡೋಕೆ ಬರ್ತಾರೆ, ಎಂಜಲು ವಾಸನೆ ಹೊಡೀಬಾರದು. ನಲ್ಲಿ ಅಲ್ಲೇ ಇದೆ. ಹತ್ತು ನಿಮಿಷದ ಕೆಲಸ, ಮುಗಿಸಿ ಹತ್ತು."

"ನೀವು ಸ್ವಲ್ಪ ಕೈ ಹಾಕಿ, ಬೇಗ ಆಗುತ್ತೆ."

"ನಾನು ಬೆಳಗ್ಗೆ ನಾಲ್ಕಕ್ಕೆ ಎದ್ದವನು ಕಣೇ. ವಾಪಸ್ ಓಡಿಸಬೇಕು. ಒಂದು ನಿದ್ದೆ ಮಾಡದಿದ್ರೆ ಎಲ್ಲರನ್ನೂ ಹಳ್ಳಕ್ಕೆ ಹಾಕ್ತೀನಿ." ಬಸ್ಸಿನ ಒಳಗೆ ಹೋಗಿ ಕಾಲು ಚಾಚಿದ. ಅವಳು ಎದ್ದದ್ದು ಮೂರೂವರೆಗೆ. ಆ ಮಾತು ಆಡಿ ಪ್ರಯೋಜನವಿಲ್ಲ ಎಂದು ಅವಳಿಗೆ ಗೊತ್ತಿತ್ತು.

ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಹತ್ತು ನಿಮಿಷ ಎಂದದ್ದು ಮುಕ್ಕಾಲು ಗಂಟೆ ಹಿಡಿಯಿತು. ಡಬ್ಬಿ ಅಂದರೆ ಬರೀ ಡಬ್ಬಿಯೇ? ಡಬ್ಬಿ, ಮುಚ್ಚಳ, ಒಳಗಿನ ಬಟ್ಟಲು, ಒಂದೊಂದಕ್ಕೂ ಮೂರು ಮೂರು. ಮೇಲಿನಿಂದ ಜನರ ಕೂಗು, ನಗು ಕೇಳಿಬರುತ್ತಿತ್ತು. ಉಜ್ಜುತ್ತ ಉಜ್ಜುತ್ತ ಅವಳಿಗೆ ಉರಿದುಹೋಯಿತು. ತೊಳೆದದ್ದನ್ನೆಲ್ಲ ಕಟ್ಟೆಯ ಮೇಲೆ ಬೋರಲು ಹಾಕಿ, ಒರೆಸದೆ, ಬುಟ್ಟಿಗೆ ತುಂಬದೆ, ಒದ್ದೆ ಕೈಯಲ್ಲೇ ಮೆಟ್ಟಿಲ ಕಡೆ ನಡೆದಳು. ಗಂಟೆ ಎರಡೂ ಇಪ್ಪತ್ತು. ಗಂಡನ ಗೊರಕೆ ಹೊರಗೆ ಕೇಳುತ್ತಿತ್ತು. ಮಾವ ಬೆನ್ನು ಹಾಕಿ ಕೂತು ಟಿಕೆಟಿನವನಿಗೆ ಏನೋ ಹೇಳಿ ನಗಿಸುತ್ತಿದ್ದರು.

ಎಣಿಸಿಕೊಂಡೇ ಹತ್ತಿದಳು. ಬಂಡೆಯ ತಿರುವಿನಲ್ಲಿ ನರ್ಸುಗಳು ಇಳಿದು ಬರುತ್ತಿದ್ದರು. "ಈಗ ಹತ್ತುತ್ತಿದೀರಾ? ಬೇಗ ಹೋಗಿ ಬನ್ನಿ, ಸಖತ್ತಾಗಿದೆ," ಎಂದರು. ಏದುಸಿರು ಬಿಡುತ್ತ ಮೇಲೆ ತಲುಪಿದಾಗ ಲೆಕ್ಕ ನಾನೂರ ಆರಕ್ಕೆ ನಿಂತಿತು. ಮಾವ ಆರು ಮೆಟ್ಟಿಲು ಹೆಚ್ಚು ಹೇಳುತ್ತಿದ್ದರು! ಅಥವಾ ಅವಳೇ ಎಣಿಕೆ ತಪ್ಪಿದ್ದಳೋ. ಏನಾದರಾಗಲಿ. ಗಾಳಿ ರೊಯ್ಯೆಂದು ಬೀಸಿ ಬೆವರನ್ನೆಲ್ಲ ಆರಿಸಿತು. ಕೊಳ ಇತ್ತು, ಹಸಿರು ನೀರು ತುಂಬಿಕೊಂಡು. ರಾಣಿಯ ಕಿಟಕಿ ಅವಳು ಅಂದುಕೊಂಡದ್ದಕ್ಕಿಂತ ತುಂಬ ಚಿಕ್ಕದು; ಒಬ್ಬಳು ನಿಂತರೆ ಇನ್ನೊಬ್ಬಳಿಗೆ ಜಾಗವಿಲ್ಲ. ಅದರಲ್ಲಿ ನಿಂತು ನೋಡಿದಳು. ಕೆಳಗೆ ರಸ್ತೆ, ಹೊಲ, ದೂರದಲ್ಲಿ ಧೂಳಿನ ಹಾಗೆ ಮಹಾನಗರ. ಅದರೊಳಗೆ ಎಲ್ಲೋ ತನ್ನ ಅಡುಗೆಮನೆ ಎಂದುಕೊಂಡು ಎಷ್ಟೋ ಹೊತ್ತು ನಿಂತೇ ಇದ್ದಳು.

ಬೇರೆ ಬಸ್ಸಿನಲ್ಲಿ ಬಂದಿದ್ದ ಒಂದು ಸಂಸಾರ ಅಲ್ಲಿ ಫೋಟೋ ತೆಗೆಯುತ್ತಿತ್ತು. ಅದರಲ್ಲಿದ್ದ ಅಜ್ಜಿ, "ಈ ಕಿಂಡಿ ಯಾತಕ್ಕಮ್ಮ?" ಎಂದು ಇವಳನ್ನು ಕೇಳಿದಳು. ಇವಳು ಹೇಳಿದಳು. ರಾಣಿಯ ಕಥೆ ಹೇಳಿದಳು, ಮುತ್ತಿಗೆಯ ಕಥೆ ಹೇಳಿದಳು, ಕೊಳಕ್ಕೆ ನೀರು ಯಾವ ಕಡೆಯಿಂದ ಬರುತ್ತದೆಂದು ಕೈತೋರಿಸಿ ಹೇಳಿದಳು, ಇಸವಿಗಳನ್ನು ಒಂದೂ ತಪ್ಪಿಲ್ಲದೆ ಹೇಳಿದಳು. ಇನ್ನೂ ನಾಲ್ಕು ಜನ ಬಂದು ನಿಂತರು. "ನೀವು ಇಲ್ಲಿಯ ಗೈಡಾ?" ಎಂದು ಒಬ್ಬರು ಕೇಳಿದರು. ಅವಳು ಖುಷಿಗೆ ನಕ್ಕುಬಿಟ್ಟಳು.

ಅಷ್ಟರಲ್ಲಿ ಕೆಳಗಿನಿಂದ ಹಾರನ್ನು ಕೇಳಿಸಿತು. ಗಂಡನ ಹಾರನ್ನು ಸಾವಿರದಲ್ಲಿ ಗುರುತು ಹಿಡಿಯುವವಳು ಅವಳು. ದಡಬಡನೆ ಇಳಿದಳು. ಬಂಡೆಯ ತಿರುವಿಗೆ ಬಂದು ನೋಡಿದರೆ ಬಸ್ಸು ಮರದ ನೆರಳು ಬಿಟ್ಟು ಹೊರಟು ರಸ್ತೆಗೆ ತಿರುಗುತ್ತಿತ್ತು.

"ರೀ!" ಎಂದು ಕೂಗಿದಳು. ಅಲ್ಲಿಂದ ಯಾರಿಗೆ ಕೇಳಿಸಬೇಕು?

ಆಗಿದ್ದು ಇಷ್ಟು. ಮಾವ ಬಸ್ಸಿನ ಬಾಗಿಲಲ್ಲಿ ನಿಂತು ಎಂದಿನಂತೆ ತಲೆ ಎಣಿಸಿದ್ದರು. ಇಪ್ಪತ್ತೆರಡು ಬಂತು. "ಸರಿಯಾಗಿದೆ, ಬಿಡು," ಎಂದರು. ಗಂಡ ಅವಳು ಹಿಂದೆ ನರ್ಸುಗಳ ಜೊತೆಗಿದ್ದಾಳೆ ಎಂದುಕೊಂಡ. ನರ್ಸುಗಳು ಅವಳು ಮುಂದೆ ಗಂಡನ ಪಕ್ಕಕ್ಕೆ ಹೋದಳು ಎಂದುಕೊಂಡು ಕಾಲು ನೀಡಿದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಇದ್ದಿದ್ದರೆ ಜಗಳವಾಡುವುದಾದರೂ ಸುಲಭವಾಗುತ್ತಿತ್ತು.

ಅವಳ ಬಳಿ ಫೋನಿತ್ತು. ನಂಬರು ಒತ್ತಲು ಬೆರಳಿಟ್ಟಿದ್ದಳು ಕೂಡ. ಆಮೇಲೆ ಬೆರಳು ತೆಗೆದಳು. ನೋಡೋಣ, ಇವರಿಗೆ ಎಲ್ಲಿ ನೆನಪಾಗುತ್ತದೆ ನೋಡೋಣ. ಟೋಲಿನ ಹತ್ತಿರವೋ, ಚಹಾಕ್ಕೆ ನಿಲ್ಲಿಸಿದಾಗಲೋ. ನಲ್ಲಿಯ ಕಟ್ಟೆಗೆ ಹೋಗಿ ಒಣಗಿದ ಡಬ್ಬಿಗಳನ್ನು ಬುಟ್ಟಿಗೆ ತುಂಬಿ ಪಕ್ಕದಲ್ಲಿ ಕೂತಳು. ನಾಲ್ಕೂವರೆಗೆ ಚಹಾದ ಹೊತ್ತು ಮುಗಿಯಿತು. ಐದಕ್ಕೆ ಟಿಕೆಟಿನವನು ಕಿಂಡಿ ಮುಚ್ಚಿ, "ಯಾರಿಗಾದ್ರೂ ಕಾಯ್ತಿದೀರಾ ಅಮ್ಮ?" ಎಂದ. "ಹೂಂ, ಬರ್ತಾರೆ," ಎಂದಳು. ಹಳದಿ ಬಸ್ಸೂ ಹೋಯಿತು. ಕಾಯುತ್ತ ಕಾಯುತ್ತ ಮೊದಲಿನ ಸಿಟ್ಟು ಇಳಿದು, ಅದಕ್ಕಿಂತ ಕೆಟ್ಟದ್ದು, ಹೆದರಿಕೆ ಬಂತು. ಇಲ್ಲಿ ಒಬ್ಬಳೇ ಉಳಿದೆನಲ್ಲ ಎಂಬ ಹೆದರಿಕೆಯಲ್ಲ. ಫೋನು ಬಾರದೇ ಹೋದರೆ ಎಂಬ ಹೆದರಿಕೆ.

ಆರೂ ಇಪ್ಪತ್ತಕ್ಕೆ ಬಂತು.

"ಎಲ್ಲಿ ಇಳಿದುಬಿಟ್ಟೆ ನೀನು? ಸ್ಟ್ಯಾಂಡಲ್ಲೇ ಇಳಿದೆಯಾ?" ಎಂದ ಗಂಡ. ಅವಳು ಬಾಯಿ ತೆರೆಯುವ ಮೊದಲೇ, "ಹಿಂದೆ ಬುಟ್ಟಿ ಕಾಣಿಸ್ತಾ ಇಲ್ಲ. ಡಬ್ಬಿ ಎಲ್ಲಿಟ್ಟೆ?" ಎಂದ.

"ನಲ್ಲಿ ಹತ್ತಿರ."

"ಯಾವ ನಲ್ಲಿ?"

"ಕೋಟೆ ನಲ್ಲಿ."

"ಅಲ್ಲೇ ಬಿಟ್ಟು ಬಂದೆಯಾ? ತಲೆ ನೆಟ್ಟಗಿದೆಯಾ ನಿನಗೆ? ಇಪ್ಪತ್ತನಾಲ್ಕು ಡಬ್ಬಿ!"

"ನಾನೆಲ್ಲಿ ಬಿಟ್ಟು ಬಂದೆ? ಅದರ ಪಕ್ಕದಲ್ಲೇ ಕೂತಿದೀನಿ."

ಮೊದಲು ಗಂಡ, "ಅಯ್ಯೋ ದೇವರೇ," ಎಂದ. ಆಮೇಲೆ, "ಫೋನ್ ಮಾಡಕ್ಕೇನಾಗಿತ್ತು ನಿನಗೆ?" ಎಂದು ರೇಗಿದ. ಆಮೇಲೆ, ತಾನು ವಾಪಸು ಬಂದು ಹೋಗುವಷ್ಟರಲ್ಲಿ ಹೊತ್ತಾಗುತ್ತದೆ, ಏಳಕ್ಕೆ ಒಂದು ಊರ ಬಸ್ಸಿದೆ, ಅದನ್ನು ಹಿಡಿ ಎಂದ. ಕೊನೆಗೆ, "ಬುಟ್ಟಿ ಮರೀಬೇಡ," ಎಂದ.

ಅವಳು ಮರೆಯಲಿಲ್ಲ. ಬುಟ್ಟಿಯನ್ನು ಹೊತ್ತುಕೊಂಡು ಆ ಬಸ್ಸು ಹತ್ತಿದಳು. ಕಂಡಕ್ಟರು ಬುಟ್ಟಿಗೂ ಟಿಕೆಟು ಹರಿದ. ಅಲ್ಲೇ ಎಸೆದು ಬರಬಹುದಿತ್ತು, ಮನಸ್ಸು ಬರಲಿಲ್ಲ. ಅದಕ್ಕಾಗಿ ತನ್ನ ಮೇಲೇ ಅಸಹ್ಯವಾಯಿತು.

ಮನೆಯಲ್ಲಿ ಮಗಳು ಅಷ್ಟರಲ್ಲೇ ರಂಪ ಎಬ್ಬಿಸಿದ್ದಳು.

"ಲೆಕ್ಕ ಸರಿಯಾಗೇ ಇತ್ತು," ಎನ್ನುತ್ತಿದ್ದರು ಮಾವ. "ನಾನೇ ಎಣಿಸಿದೀನಿ. ಇಪ್ಪತ್ತೆರಡು."

"ಅಮ್ಮನ್ನ ಸೇರಿಸಿದ್ರೆ ಎಷ್ಟಾಗಬೇಕಿತ್ತು ತಾತ?"

"ನಲವತ್ತು ವರ್ಷದಲ್ಲಿ ಒಬ್ಬ ಗಿರಾಕೀನೂ ಬಿಟ್ಟು ಬಂದವನಲ್ಲ ನಾನು!"

"ಅದು ಸರಿ. ಗಿರಾಕೀನ ಬಿಟ್ಟಿಲ್ಲ."

ಗಂಡ ಬಾಗಿಲಿಗೆ ಬಂದು ಬುಟ್ಟಿ ಇಳಿಸಿಕೊಂಡ. ಅವನ ಮುಖ ನಿಜವಾಗಿಯೂ ಸಣ್ಣದಾಗಿತ್ತು. "ತಪ್ಪಾಯ್ತು ಕಣೇ. ಊಟ ಮಾಡು," ಎಂದ. ಊಟ ಯಾರೂ ಮಾಡಿರಲಿಲ್ಲ. ಅವಳು ಕೈಕಾಲು ತೊಳೆದು ಒಲೆ ಹಚ್ಚಿದಳು.

ಆಮೇಲಿನ ಎರಡು ವಾರ ಅವಳು ಬೇಕಾದಷ್ಟೇ ಮಾತಾಡಿದಳು. ಡಬ್ಬಿ ಕಟ್ಟುವುದು ಬಿಡಲಿಲ್ಲ. ಬಿಟ್ಟರೆ ಆ ಮನೆಗೆ ಭಾನುವಾರದ ಸಂಪಾದನೆ ಎಲ್ಲಿಂದ ಬರಬೇಕು? ಶನಿವಾರ ಸಂಜೆ ಮಾವ ಇಸವಿ ತಪ್ಪಿದರೆ ಮಾತ್ರ ಸರಿಪಡಿಸಲಿಲ್ಲ. ಮಾವ ನಿಂತು, ಅಡುಗೆಮನೆಯ ಕಡೆ ಕಿವಿಗೊಟ್ಟು, ಕಾದು, ಆಮೇಲೆ ತಪ್ಪು ಇಸವಿಯನ್ನೇ ಹೇಳಿಕೊಂಡು ಮುಂದೆ ಹೋಗುತ್ತಿದ್ದರು. ಗಂಡನಿಗೆ ಬೇಸರ ಬಂತು. "ಆಗಿದ್ದಾಯ್ತು. ಒಂದು ಸಲ ತಪ್ಪಾಯ್ತು ಅಂತ ಹೇಳಿದ್ನಲ್ಲ. ಎಷ್ಟು ದಿನ ಅಂತ ಎಳೀತೀಯ?" ಎಂದ. "ನಾನೇನು ಅಂದೆ?" ಎಂದಳು. "ಏನೂ ಅನ್ನಲ್ವಲ್ಲ, ಅದೇ," ಎಂದು ಹೊರಗೆ ಹೋದ.

ಮೂರನೆಯ ವಾರ, ಸೋಮವಾರ ಸಂಜೆ. ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಯಾರೋ ಬಾಗಿಲು ತಟ್ಟಿದರು. ಇವಳು ತೆಗೆದಳು. ದಪ್ಪ ಕನ್ನಡಕದ ಒಬ್ಬ ಹೆಂಗಸು, ಹಿಂದಿನ ದಿನದ ಪ್ರಯಾಣಿಕಳು, ಬಸ್ಸಿನಲ್ಲಿ ಮರೆತ ಕೊಡೆ ಕೇಳಿಕೊಂಡು ಬಂದಿದ್ದಳು. ಇವಳು ಒಳಗಿನಿಂದ ಕೊಡೆ ತಂದುಕೊಟ್ಟಳು.

"ತುಂಬಾ ಉಪಕಾರ ಆಯ್ತು ರೀ. ಊಟ ಎಷ್ಟು ಚೆನ್ನಾಗಿತ್ತು! ನಿಮ್ಮದೇನಾ ಅಡುಗೆ?" ಎಂದಳು ಆ ಹೆಂಗಸು. "ನಿಮ್ಮ ಗೈಡ್ ಯಜಮಾನರು ಮಾತಾಡೋಕೆ ಕೂತರೆ ಬಿಡಿ! ವಾಪಸ್ ಬರೋವಾಗ ಎಲ್ಲರಿಗೂ ಸುಸ್ತಾಗಿ ತೂಕಡಿಕೆ. ಒಂದು ಕಥೆ ಹೇಳಿದ್ರು ನೋಡಿ, ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ಯಾರದೋ ಮನೇಲಿ ಸೊಸೇನ ಕೋಟೆಗೆ ಕರ್ಕೊಂಡು ಬಂದು ಅಲ್ಲೇ ಮರೆತು ಹೋದ್ರಂತೆ. ಮನೆಗೆ ಹೋಗಿ ಡಬ್ಬಿ ಎಲ್ಲಿ ಅಂತ ಹುಡುಕೋವಾಗ ಸೊಸೆ ನೆನಪಾದ್ಲಂತೆ! ರಾಣಿ ಕಿಟಕೀಲಿ ನಿಂತು ಗಂಡನ ದಾರಿ ನೋಡಿದ ಎರಡನೇ ಹೆಂಗಸು ಅವಳೇ ಅಂತೆ!" ಹೇಳುತ್ತ ಹೇಳುತ್ತ ಮತ್ತೆ ನಗು ಉಕ್ಕಿಬಂದು ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

ಕಿಟಕಿಯ ಪಕ್ಕದಲ್ಲಿ ಪೇಪರು ಅಲುಗಾಡಲಿಲ್ಲ.

"ನಿಜವಾಗಿ ನಡೆದಿದ್ದಾ, ಇಲ್ಲ ಸುಮ್ಮನೆ ಕಟ್ಟಿ ಹೇಳಿದ್ರಾ?" ಎಂದಳು ಹೆಂಗಸು.

"ನಡೆದಿದ್ದೇ."

"ಅಯ್ಯೋ ಪಾಪ! ಆಮೇಲೆ ಆ ಸೊಸೆ ಮನೆಗೆ ಬಂದ್ಲಾ?"

"ಇಲ್ಲ," ಎಂದಳು ಅವಳು. "ಇನ್ನೂ ಬಂದಿಲ್ಲ."

ಹೆಂಗಸಿನ ಬಾಯಲ್ಲಿ ನಗು ಅರ್ಧಕ್ಕೇ ನಿಂತಿತು. ಏನೋ ಕೇಳಲು ಹೋಗಿ, ಇವಳ ಮುಖ ನೋಡಿ, ಕೊಡೆಯನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಇವಳು ಬಾಗಿಲು ಹಾಕಿದಳು.

"ಗಿರಾಕಿಗಳ ಹತ್ರ ಹಾಗೆಲ್ಲ ಮಾತಾಡಬಾರದಮ್ಮ," ಎಂದರು ಮಾವ, ಪೇಪರಿನ ಹಿಂದಿನಿಂದ. "ಏನೋ ಜನ ನಗಲಿ ಅಂತ ಹೇಳಿದೆ. ನಿನ್ನ ಹೆಸರೇನೂ ಎತ್ತಿಲ್ಲವಲ್ಲ."

"ಎತ್ತೋದಕ್ಕೆ ನಿಮಗೆ ನೆನಪಿದೆಯಾ ಮಾವ?" ಎಂದು ಕೇಳಿ ಅವಳು ಅಲ್ಲೇ ನಿಂತಳು.

ಪೇಪರು ನಿಧಾನವಾಗಿ ಕೆಳಗಿಳಿಯಿತು. ಯಾವ ಕೋಟೆಯ ಯಾವ ರಾಣಿಯ ಹೆಸರನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ ಮುದುಕ ಬಾಯಿ ತೆರೆದರು. ತೆರೆದು, ಅವಳನ್ನು ನೋಡುತ್ತ, ಅಡುಗೆಮನೆಯಿಂದ ಯಾರಾದರೂ ಹೇಳಿಕೊಡುತ್ತಾರೇನೋ ಎಂಬಂತೆ ಕಾದರು. ಅವಳು ಹೇಳಿಕೊಡಲಿಲ್ಲ.